ಎಪ್ಪತ್ನಾಲ್ಕೂವರೆ

ಡಿಸ್ಕಿನ ಬೆನ್ನ ಮೇಲೆ ಎಂಬತ್ತು ಎಂದು ಅಚ್ಚು.
ಒಳಗಿಳಿದು ಅಳೆದರೆ ಎಪ್ಪತ್ನಾಲ್ಕೂವರೆ.
"ತವರದ ತೂಕದಲ್ಲೂ ಹೀಗೇ ಹೊಡೆಯುತ್ತಿದ್ದರು"
ಅಂದ ಫೆರ್ಮಿನ್ ಕಾಲಿಸಾಯಾ, ಸಿಟ್ಟಿಲ್ಲದೆ,
ಕೋಕಾ ಎಲೆಯ ಉಂಡೆಯನ್ನು
ಎಡದವಡೆಯಿಂದ ಬಲದವಡೆಗೆ ದಾಟಿಸುತ್ತ.

ವಾನೂನಿಯ ಗಣಿ ರೇಡಿಯೊ.
ಗೋಡೆ ತುಂಬ ಮೊಟ್ಟೆಯ ಟ್ರೇ, ಅದಿರು ಲಾರಿಯ ಸದ್ದು
ಒಳಗೆ ಬಾರದಿರಲೆಂದು.
ಬರುತ್ತದೆ, ಆದರೂ.
ಒರೂರೊದಿಂದ ಬೆಳಗಿನ ಬಸ್ಸಿಗೆ ಬಂದವಳು ನಾನು,
ಸ್ವೆಟರಿನ ಒಳಜೇಬಲ್ಲಿ ಪೆನ್ ಡ್ರೈವ್,
ಅದರೊಳಗೆ ಲಿನಕ್ಸ್,
ಚಳಿಗೆ ಕೆಟ್ಟೀತೆಂದು ಮೈಗೊತ್ತಿಕೊಂಡು, ಮರಿಯ ಹಾಗೆ.

ಹಳೆಯ ವಿಂಡೋಸ್ ಎದ್ದು ಕೂರಲು ಹದಿನೇಳು ನಿಮಿಷ.
ಆದರೆ ಕೊಲ್ಲುವಂತಿಲ್ಲ, ಹೊಟ್ಟೆಯಲ್ಲಿ
ಮೂವತ್ತು ವರ್ಷದ ದನಿಗಳಿವೆ:
ಕಂದು ಲಾಮಾ ಕಳೆದಿದೆ, ಕಿವಿಯಲ್ಲಿ ಕೆಂಪು ಉಣ್ಣೆ, ಕಂಡವರು ತಿಳಿಸಿ.
ಮುನ್ನೂರನೆಯ ಮಟ್ಟದಲ್ಲಿ ಹೊಗೆ, ಮೂರನೇ ಪಾಳಿಯವರು ಇಳಿಯಬೇಡಿ.
ಕಣಿವೆಯ ಸೆವೆರೀನಾ, ನಿನ್ನ ತಮ್ಮ ತೀರಿಕೊಂಡ,
ಮಂಗಳವಾರದೊಳಗೆ ಬಾ.

"ಇದರ ನಕಲು ಎಲ್ಲಿ?"
"ಇದೇ ನಕಲು. ಮೂಲದ ಟೇಪು ಇಲಿ ತಿಂದಿತು."
ಇನ್ನೊಂದು ಡಿಸ್ಕು ಕೊಳ್ಳಿ ಎಂದೆ.
ಸಂಘದವರು ದುಡ್ಡು ಮಾರ್ಚಿಗೆ ಕೊಡುತ್ತಾರಂತೆ.
ಯಾವ ಮಾರ್ಚು ಎಂದು ಹೇಳಿಲ್ಲವಂತೆ.

ಹಾಗಾಗಿ ಹೊಸದೂ ಹಳೆಯದೂ ಒಂದೇ ತಟ್ಟೆಯಲ್ಲಿ.
ಹಿಸ್ಸೆ ಆಗಲೇಬೇಕು.
ಬಣ್ಣದ ಪಟ್ಟಿಯ ತುದಿ ಹಿಡಿದು ಮೆಲ್ಲಗೆ ಒಳಕ್ಕೆ ಒತ್ತಿದೆ,
ಮಲಗಿದವರನ್ನು ಎಬ್ಬಿಸದೆ ಚಾಪೆ ಸರಿಸಿದಂತೆ.
ಹಳೆಯ ದನಿಗಳಿಗೆ ನಲವತ್ತಮೂರು.
ಹೊಸದರ ಮೂಲಕ್ಕೆ ಹದಿನಾಲ್ಕು:
ಒಂದು ಓರೆಗೀಟು, ಅಷ್ಟೇ ಅದರ ಹೆಸರು,
ಉಳಿದ ಹಾದಿಯೆಲ್ಲ ಅಲ್ಲಿಂದಲೇ ಇಳಿಯಬೇಕು.
"ಗಣಿಯ ಬಾಯಿ" ಅಂದ ಫೆರ್ಮಿನ್.
ನಾನು ಬೇರು ಎನ್ನಲಿದ್ದೆ. ನುಂಗಿಕೊಂಡೆ.

ಸ್ವಾಪಿಗೆ ಎರಡು.
ನೆನಪು ಭಾರವಾದಾಗ ಹೊರೆ ಇಳಿಸಲು ಒಂದು ಕಟ್ಟೆ, ಎಂದೆ.
"ನನಗೂ ಒಂದು ಕಟ್ಟಿಕೊಡು"
ಅಂದಳು ಹಸಿಂತಾ, ನೇರಳೆ ಜೋಳದ ಬಿಸಿ ಆಪಿಯನ್ನು
ಲೋಟಕ್ಕೆ ಬಗ್ಗಿಸುತ್ತ; ನಗಲಿಲ್ಲ.

ಹೋಮಿಗೆ ಹದಿನೈದು.
ಕೂಡಿದೆ: ಎಪ್ಪತ್ನಾಲ್ಕು.
ಪಟ್ಟಿಯ ಕೊನೆಗೆ ಉಗುರಿನಷ್ಟು ಬೂದು ಬಣ್ಣ,
ಯಾರಿಗೂ ಹಂಚದ ಅರ್ಧ.
"ಇದನ್ನು ಯಾರಿಗೆ ಸೇರಿಸಲಿ?"

ಫೆರ್ಮಿನ್ ಪರದೆಯ ಹತ್ತಿರ ಬಾಗಿದ,
ಸುರಂಗದ ಗೋಡೆಯಲ್ಲಿ ಅದಿರಿನ ಎಳೆ ಹುಡುಕುವವನಂತೆ.
"ಬಿಡು. ಪಾಚಮಾಮಾಗೆ."
ಏನನ್ನೂ ಇಡಲಾಗದು, ದಂಡವಾಗುತ್ತದೆ, ಎಂದೆ.
"ಮತ್ತೆ? ಅವಳಿಗೆ ಕೊಟ್ಟಿದ್ದನ್ನು ವಾಪಸು ಕೇಳುತ್ತೀಯಾ?"
ಹಸಿಂತಾ ಲೋಟದ ಮೊದಲ ಗುಟುಕನ್ನು ನೆಲಕ್ಕೆ ಚೆಲ್ಲಿದಳು,
ವೈರುಗಳಿಂದ ಒಂದು ಗೇಣು ದೂರಕ್ಕೆ.

ಈ ಬದಲಾವಣೆಯನ್ನು ಹಿಂತೆಗೆಯಲಾಗದು, ಅಂದಿತು ಪರದೆ.
ಒತ್ತಿದೆ.
ಇಲ್ಲಿ ಕರೆಂಟು ಗಾಳಿಯ ಮಾತು ಕೇಳುತ್ತದೆ, ಗೊತ್ತಿದ್ದೇ
ಹಸಿಂತಾಳ ಅಳಿಯನ ಲಾರಿಯ ಬ್ಯಾಟರಿ ಬಿಚ್ಚಿ ತಂದು
ಇನ್ವರ್ಟರಿಗೆ ಕಟ್ಟಿದ್ದೆವು.
ಶೇಕಡ ಅರವತ್ತೊಂದಕ್ಕೆ ದೀಪ ಹೋಯಿತು.
ಪರದೆ ಉಳಿಯಿತು.
ಮೂರು ಮುಖ, ಒಂದು ನೀಲಿ ಬೆಳಕು,
ತಟ್ಟೆ ತಿರುಗುವ ಸಣ್ಣ ಗೊರಗೊರ.
ಯಾರೂ ಲೋಟ ಎತ್ತಲಿಲ್ಲ.
ಅಳಿಯ ಎರಡು ಸಲ ಬಾಗಿಲು ಬಡಿದ, ಪಾಳಿಗೆ ಹೊತ್ತಾಯಿತೆಂದು.
ತೆರೆಯಲಿಲ್ಲ.

ಕತ್ತಲಾದ ಮೇಲೆ ಯಂತ್ರ ಮತ್ತೆ ಎದ್ದು ಕೇಳಿತು:
ಹೊಸದೋ, ಹಳೆಯದೋ?
ದಿನವಿಡೀ ಇಷ್ಟು ಪಾಡುಪಟ್ಟ ಮೇಲೆ
ಫೆರ್ಮಿನ್ ಒತ್ತಿದ್ದು ಹಳೆಯದನ್ನೇ.
ಹದಿನೇಳು ನಿಮಿಷ ಕಾದೆವು.
ಆಮೇಲೆ, ಅವನದೇ ದನಿ, ಮೂವತ್ತು ವರ್ಷ ಎಳೆಯದು:
ಕಂದು ಲಾಮಾ, ಕಿವಿಯಲ್ಲಿ ಕೆಂಪು ಉಣ್ಣೆ.

"ಸಿಕ್ಕಿತೇ ಅದು?" ಕೇಳಿದೆ.
"ಮರುದಿನವೇ" ಅಂದ.
"ಕೊಯ್ದು ತಿಂದರು. ನನಗೂ ಒಂದು ಪಾಲು ಕಳಿಸಿದ್ದರು."